ಎರಡನೇ ಬಿಗಿ

ಬೋಲ್ಟು ಬಿಗಿ ಮಾಡುವಾಗ ಮೇಸ್ತ್ರಿಯ ಬಲಗಿವಿ ಅಲುಗುತ್ತಿತ್ತು. ಮುಖದ ಬೇರೆ ಯಾವ ಭಾಗವೂ ಕದಲುತ್ತಿರಲಿಲ್ಲ. ಕಣ್ಣು ಮುಚ್ಚಿರುತ್ತಿತ್ತು, ತುಟಿ ಬಿಗಿದಿರುತ್ತಿತ್ತು, ಗಡ್ಡಕ್ಕಿಳಿದ ಬೆವರಿನ ಹನಿ ಕೂಡ ನಿಂತಲ್ಲೇ ನಿಂತಿರುತ್ತಿತ್ತು. ಕಿವಿ ಮಾತ್ರ, ಅಟ್ಟದಲ್ಲಿ ಇಲಿಯ ಸದ್ದು ಕೇಳಿದ ಬೆಕ್ಕಿನ ಕಿವಿಯ ಹಾಗೆ, ಮೆಲ್ಲಗೆ ಹಿಂದಕ್ಕೆ ಸರಿಯುತ್ತಿತ್ತು. ರೆಂಚಿನ ಮೇಲೆ ಕೈಯ ಭಾರ ಹೆಚ್ಚಿದಷ್ಟೂ ಅದು ಹಿಂದೆ ಹೋಗಿ, ಒಂದು ಹಂತದಲ್ಲಿ ಟಕ್ಕನೆ ನಿಂತರೆ ಆ ಬೋಲ್ಟು ಮುಗಿಯಿತು ಎಂದು ಅರ್ಥ. ಚಿಕ್ಕವಳಿದ್ದಾಗ ನಾನು ಅದನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕದ್ದುಂಟು. ಈಗ ಆ ಕಿವಿ ನೆನಪಾದರೆ ನನಗೆ ಹೆದರಿಕೆಯಾಗುತ್ತದೆ.

ಕೂಳೂರಿನಿಂದ ಕಾವೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಅವರ ಗ್ಯಾರೇಜು. ಹಂಚಿನ ಮಾಡು, ಮೂರು ಕಡೆ ಗೋಡೆ, ಎದುರಿಗೆ ಬಾಗಿಲೇ ಇಲ್ಲ. ಬೋರ್ಡೂ ಇರಲಿಲ್ಲ. ಹಳೆಯ ಕಾರು ಇಟ್ಟುಕೊಂಡವರಿಗೆ ಅವರು ಗೊತ್ತು, ಇಲ್ಲದವರಿಗೆ ಗೊತ್ತಾಗಬೇಕಾದ ಅಗತ್ಯವಿಲ್ಲ ಎಂಬಂತೆ ಇದ್ದರು. ಕರಾವಳಿಯ ಮುಸ್ಲಿಮರನ್ನು ಊರಲ್ಲಿ ಕರೆಯುವ ಹಾಗೆ ನನ್ನ ಅಪ್ಪ ಅವರನ್ನು ತುಳುವಿನಲ್ಲಿ ಬ್ಯಾರಿ ಎಂದು ಕರೆಯುತ್ತಿದ್ದರು. ನಾನು ಮೇಸ್ತ್ರಿ ಎನ್ನುತ್ತಿದ್ದೆ. ಅವರು ನನ್ನ ಹತ್ತಿರ ತುಳು ಬಿಟ್ಟು ಕನ್ನಡದಲ್ಲೇ ಮಾತಾಡುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುವವಳು. ಟೀಚರ ಹತ್ತಿರ ತುಳು ಮಾತಾಡಿದರೆ ಮರ್ಯಾದೆ ಕಡಿಮೆಯಾಗುತ್ತದೆ ಎಂದು ಅವರ ನಂಬಿಕೆ. ನನ್ನ ತುಳು ಅವರದಕ್ಕಿಂತ ಒರಟು ಎಂದು ಎಷ್ಟು ಸಲ ಹೇಳಿದರೂ ಅವರು ಕೇಳಲಿಲ್ಲ.

ನಮ್ಮದು ಕಡಲನ್ನು ನಂಬಿದ ಮನೆ. ಅಜ್ಜ ದೋಣಿಯಲ್ಲಿ ಹೋದವರು, ಅಪ್ಪ ದೋಣಿ ಬಂದು ನಿಲ್ಲುವ ಧಕ್ಕೆಯಲ್ಲಿ ಮೀನು ಕೊಂಡು ಊರೊಳಗೆ ಮಾರಿದವರು. ಅಪ್ಪನಿಗೆ ಎಲ್ಲಿಂದಲೋ ಒಂದು ಹಳೆಯ ಕಾರು ಸಿಕ್ಕಿತು. ಬ್ರಿಟಿಷರ ಕಾಲ ಮುಗಿದು ಸ್ವಲ್ಪ ವರ್ಷಕ್ಕೆ ಹಡಗಿನಲ್ಲಿ ಬಂದ ಬೂದು ಬಣ್ಣದ ಕಾರು, ಗುಂಡು ಗುಂಡಾದ ಬೆನ್ನು, ಮೈಲಿ ಲೆಕ್ಕದ ಮೀಟರು. ಯಾವನೋ ದೊರೆ ಕೂತಿದ್ದ ಹಿಂದಿನ ಸೀಟನ್ನು ಕಿತ್ತು ಅಪ್ಪ ಅಲ್ಲಿ ಬಂಗುಡೆಯ ಬುಟ್ಟಿ ಇಟ್ಟರು. ಮಣ್ಣಗುಡ್ಡದ ಹೆಂಗಸರು ಕಾರಿನ ಹಾರ್ನ್ ಕೇಳಿಯೇ ಪಾತ್ರೆ ಹಿಡಿದು ಹೊರಗೆ ಬರುತ್ತಿದ್ದರು. ನಂತರ ಟೆಂಪೋ ಬಂತು, ಸೀಟು ವಾಪಸು ಕೂತಿತು, ಆದರೆ ವಾಸನೆ ಹೋಗಲಿಲ್ಲ. ಮೇಸ್ತ್ರಿಯ ಬಾಯಲ್ಲಿ ಅದು ಕೊನೆಯವರೆಗೂ ‘ಮೀನಿನ ಕಾರು’.

ಅವರ ಕೆಲಸದ ಕ್ರಮ ನನಗೆ ಬಾಯಿಪಾಠ. ಎಂಜಿನಿನ ಮೇಲೆ ಹೆಡ್ ಎಂಬ ಭಾರದ ಕಬ್ಬಿಣದ ಮುಚ್ಚಳ ಕೂರುತ್ತದೆ. ಎರಡರ ನಡುವೆ ಗ್ಯಾಸ್ಕೆಟ್ ಎಂಬ ತೆಳ್ಳಗಿನ ಹಾಳೆ. ಒಳಗೆ ಬೆಂಕಿ ಉಂಟು, ನೀರು ಉಂಟು, ಎಣ್ಣೆ ಉಂಟು. ಒಂದು ಇನ್ನೊಂದಕ್ಕೆ ಸೇರದ ಹಾಗೆ ತಡೆಯುವುದು ಆ ಹಾಳೆ, ಆ ಹಾಳೆಯನ್ನು ಒತ್ತಿ ಹಿಡಿಯುವುದು ಹತ್ತು ಬೋಲ್ಟು. ಮೇಸ್ತ್ರಿ ಮೊದಲು ತೆಂಗಿನ ಹಿಡಿಸೂಡಿಯ ಕಡ್ಡಿಗೆ ಬಟ್ಟೆ ಸುತ್ತಿ ಒಂದೊಂದು ತೂತಿನ ತಳವನ್ನೂ ಒರೆಸುತ್ತಿದ್ದರು. ತೂತಿನಲ್ಲಿ ನಾಲ್ಕು ಹನಿ ನೀರು ಉಳಿದರೂ ಬೋಲ್ಟು ಬಿಗಿಯಾದ ಹಾಗೆ ನಾಟಕ ಮಾಡುತ್ತದಂತೆ. ಆಮೇಲೆ ಬೋಲ್ಟಿನ ತಿರುಪಿನ ಎಳೆಗೆ ಬೆರಳಿನಿಂದ ಒಂದಿಷ್ಟೇ ಎಣ್ಣೆ. ಮೊದಲು ನಡುವಿನ ಎರಡು, ಆಮೇಲೆ ಆಚೆಯದ್ದೊಂದು ಈಚೆಯದ್ದೊಂದು, ಹೀಗೆ ಅಂಚಿನವರೆಗೆ. ಹಾಸಿಗೆಯ ಬಟ್ಟೆಯ ಸುಕ್ಕನ್ನು ನಡುವಿನಿಂದ ಅಂಚಿಗೆ ಸವರಿ ತೆಗೆಯುವ ಹಾಗೆ. ಅದೂ ಒಂದೇ ಸಲಕ್ಕಲ್ಲ. ಹತ್ತನ್ನೂ ಸ್ವಲ್ಪ, ಮತ್ತೆ ಮೊದಲಿನಿಂದ ಹತ್ತನ್ನೂ ಇನ್ನು ಸ್ವಲ್ಪ, ಮೂರನೇ ಸುತ್ತಿನಲ್ಲಿ ಪೂರ್ತಿ.

ಬಿಗಿಯನ್ನು ಅಳೆಯುವ ಟಾರ್ಕ್ ರೆಂಚು ಅವರ ಹತ್ತಿರ ಒಂದಿತ್ತು. ಉದ್ದ ಹಿಡಿಕೆ, ಪಟ್ಟಿಯ ಮೇಲೆ ಅಂಕೆಗಳು, ಬಲ ಹಾಕಿದ ಹಾಗೆ ಸರಿಯುವ ಮುಳ್ಳು. ಅವರು ಕಣ್ಣು ಮುಚ್ಚಿ ಎಳೆದು ಕಣ್ಣು ತೆರೆದಾಗ ಮುಳ್ಳು ಬೇಕಾದ ಅಂಕೆಯ ಮೇಲೇ ಇರುತ್ತಿತ್ತು. ಹಾಗಾದರೆ ಮುಳ್ಳು ಯಾಕೆ ಎಂದು ಒಮ್ಮೆ ಕೇಳಿದ್ದೆ.

“ಕೈಗೆ ಅಹಂಕಾರ ಬರ್ತದೆ ಟೀಚರೇ,” ಎಂದರು. “ಅದಕ್ಕೆ ಒಬ್ಬ ಸಾಕ್ಷಿ ಬೇಕು.”

ಬಿಗಿ ಮಾಡುವಾಗ ಯಾರೂ ಮಾತಾಡಬಾರದು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಡೆದದ್ದು. ಧಕ್ಕೆಯಿಂದ ಬರುವಾಗ ಕಾರು ಕೆಟ್ಟು ಬುಟ್ಟಿಗಳ ಸಮೇತ ಗ್ಯಾರೇಜು ಸೇರಿತ್ತು. ಮೇಸ್ತ್ರಿ ಮೂರನೇ ಸುತ್ತಿನ ಏಳನೇ ಬೋಲ್ಟಿನಲ್ಲಿದ್ದರು. ಐಸು ಕರಗಿ ಬುಟ್ಟಿಯಿಂದ ನೀರು ಇಳಿಯುತ್ತಿತ್ತು. ಅಪ್ಪನಿಗೆ ತಡೆಯಲಾಗದೆ, ಇನ್ನೆಷ್ಟು ಹೊತ್ತು ಮಾರಾಯ ಎಂದುಬಿಟ್ಟರು. ಮೇಸ್ತ್ರಿ ಕಣ್ಣು ತೆರೆದರು. ಹತ್ತು ಬೋಲ್ಟನ್ನೂ ಸಡಿಲಿಸಿದರು, ಕೈ ಒರೆಸಿಕೊಂಡರು, ಎದುರಿನ ಅಂಗಡಿಗೆ ಹೋಗಿ ಚಾ ಕುಡಿದು ಬಂದು ಒಂದರಿಂದ ಶುರು ಮಾಡಿದರು. ಆ ದಿನದ ಬಂಗುಡೆ ಕೊನೆಗೆ ಗೊಬ್ಬರಕ್ಕೆ ಹೋಯಿತು. ಅಪ್ಪ ಒಂದು ತಿಂಗಳು ಅವರನ್ನು ಬೈದರು, ಬೇರೆ ಮೆಕ್ಯಾನಿಕ್ಕಿನ ಹತ್ತಿರ ಮಾತ್ರ ಹೋಗಲಿಲ್ಲ.

ಆದರೆ ಇಷ್ಟೆಲ್ಲ ಮಾಡಿದ ಮೇಲೂ ಕೆಲಸ ಮುಗಿಯಿತು ಎಂದು ಅವರು ಹೇಳುತ್ತಿರಲಿಲ್ಲ. ಅರ್ಧ ಮುಗಿಯಿತು ಎನ್ನುತ್ತಿದ್ದರು. ಹೊಸ ಗ್ಯಾಸ್ಕೆಟ್ ಬಿಸಿಯಾಗಿ, ತಣಿದು, ಮತ್ತೆ ಬಿಸಿಯಾಗಿ ಒತ್ತಡಕ್ಕೆ ತೆಳ್ಳಗಾಗುತ್ತದೆ. ಅಡಿಯಲ್ಲಿ ಹಾಳೆ ಕೂತಾಗ ಮೇಲೆ ಬೋಲ್ಟಿನ ಹಿಡಿತ ಹೋಗುತ್ತದೆ. ಮುನ್ನೂರು ಮೈಲಿ ಓಡಿದ ಮೇಲೆ ಕಾರನ್ನು ತಂದು, ಎಂಜಿನು ಪೂರ್ತಿ ತಣಿದಿರುವಾಗ, ಒಂದೊಂದೇ ಬೋಲ್ಟನ್ನು ಕಾಲು ಸುತ್ತು ಬಿಚ್ಚಿ ಅದೇ ಕ್ರಮದಲ್ಲಿ ಮತ್ತೆ ಬಿಗಿ ಮಾಡಬೇಕು. ಅದನ್ನು ಅವರು ಎರಡನೇ ಬಿಗಿ ಎಂದು ಕರೆಯುತ್ತಿದ್ದರು. ಅದಾಗದೆ ಕಾರು ಅವರ ಕೈಯಿಂದ ಬಿಡುಗಡೆಯಾಗುತ್ತಿರಲಿಲ್ಲ. ಓಡುತ್ತಿರುವ ಕಾರನ್ನು ಜನ ಗ್ಯಾರೇಜಿಗೆ ಯಾಕೆ ತರುತ್ತಾರೆ? ತರುವುದಿಲ್ಲ. ಅದಕ್ಕೆ ಮೇಸ್ತ್ರಿ ಒಂದು ಉಪಾಯ ಮಾಡಿದ್ದರು. ಕಾರು ಹೊರಡುವಾಗ ಅದರ ಎದುರಿನ ಎಡ ಚಕ್ರದ ವೀಲ್ ಕ್ಯಾಪನ್ನು, ಅಂದರೆ ಚಕ್ರದ ನಡುವೆ ಹೊಳೆಯುವ ಆ ಮುಚ್ಚಳವನ್ನು, ಕಿತ್ತು ತಮ್ಮ ಹತ್ತಿರ ಇಟ್ಟುಕೊಳ್ಳುತ್ತಿದ್ದರು. ಎರಡನೇ ಬಿಗಿಗೆ ಬಂದರೆ ಕ್ಯಾಪು ವಾಪಸು. ಹಳೆಯ ಕಾರಿನ ಯಜಮಾನರಿಗೆ ಕಾರಿನ ಅಲಂಕಾರದ ಮೇಲೆ ಹೆಂಡತಿಯ ಒಡವೆಗಿಂತ ಹೆಚ್ಚು ಪ್ರೀತಿ. ಬೋಳು ಚಕ್ರ ನೋಡಿ ನೋಡಿ ಸಾಕಾಗಿ ಬಂದೇ ಬರುತ್ತಿದ್ದರು.

ಗ್ಯಾರೇಜಿನ ಗೋಡೆಯಲ್ಲಿ ಸಾಲಾಗಿ ಮೊಳೆ, ಮೊಳೆಗೊಂದು ಕ್ಯಾಪು. ಪ್ರತಿಯೊಂದಕ್ಕೂ ನೂಲಿನಲ್ಲಿ ಕಟ್ಟಿದ ಚೀಟಿ, ಚೀಟಿಯಲ್ಲಿ ಹೆಸರು ಮತ್ತು ಮೈಲಿ. ರಸ್ತೆಯಲ್ಲಿ ಲಾರಿ ಹೋದರೆ ಗೋಡೆ ಅದುರಿ ಅವೆಲ್ಲ ಒಟ್ಟಿಗೆ ಕಿಣಿಗುಡುತ್ತಿದ್ದವು. ಆಗ ಮೇಸ್ತ್ರಿ ಮಾತು ನಿಲ್ಲಿಸಿ, ಸದ್ದು ಅಡಗುವವರೆಗೆ ಸುಮ್ಮನಿದ್ದು, ಆಮೇಲೆ ಮುಂದುವರಿಸುತ್ತಿದ್ದರು. ಒಂದು ಕ್ಯಾಪು ಮಾತ್ರ ಸಾಲಿನಿಂದ ಬೇರೆಯಾಗಿ ಮಾಡಿನ ಅಡ್ಡತೊಲೆಯ ಕೆಳಗೆ ಇತ್ತು. ಅದಕ್ಕೆ ಚೀಟಿ ಇರಲಿಲ್ಲ. ಒಂದು ಬದಿ ಒಳಕ್ಕೆ ಜಜ್ಜಿಹೋಗಿತ್ತು.

ಅಪ್ಪ ತೀರಿಕೊಂಡ ಮೇಲೆ ಕಾರು ತಾರ್ಪಾಲಿನ ಅಡಿಯಲ್ಲಿ ಏಳು ವರ್ಷ ಮಲಗಿತ್ತು. ಹೋದ ವರ್ಷ ಅಮ್ಮನ ಕಾಲು ಸೋತಿತು. ಅಮ್ಮನಿಗೆ ಎಂಬತ್ತು ದಾಟಿದೆ, ಬಸ್ಸು ಹತ್ತಲಾಗುವುದಿಲ್ಲ, ರಿಕ್ಷಾ ಕುಲುಕಿದರೆ ಸೊಂಟ ಹಿಡಿಯುತ್ತದೆ. ಆದರೆ ಭಾನುವಾರ ಪಣಂಬೂರಿಗೆ ಹೋಗಿ ಕಡಲು ನೋಡದಿದ್ದರೆ ಸೋಮವಾರ ಊಟ ಸೇರುವುದಿಲ್ಲ. ‘ಅವರ ಕಾರಾದರೆ ನಾನು ಬರ್ತೇನೆ’ ಎಂದು ಹಟ ಹಿಡಿದರು. ನಾನು ತಾರ್ಪಾಲು ಎಳೆದು ಮೇಸ್ತ್ರಿಗೆ ಫೋನು ಮಾಡಿದೆ. ಅವರಿಗೂ ಎಪ್ಪತ್ತೈದರ ಮೇಲೆ ಆಗಿತ್ತು, ಹೊಸ ಕೆಲಸ ಹಿಡಿಯುವುದನ್ನು ಬಿಟ್ಟಿದ್ದರು. ಮೀನಿನ ಕಾರು ಎಂದ ಕೂಡಲೇ ತನ್ನಿ ಎಂದರು.

ಹೆಡ್ ಬಿಚ್ಚಬೇಕಾಯಿತು. ಬಿಗಿ ಮಾಡುವ ದಿನ ರಜೆ ಹಾಕಿ ನಾನು ಅಲ್ಲೇ ಕೂತಿದ್ದೆ. ಮೂರನೇ ಸುತ್ತು ಮುಗಿದ ಮೇಲೆ ಅವರು ಕಿಸೆಯಿಂದ ಮೊಮ್ಮಗಳ ಕೆಂಪು ನೈಲ್ ಪಾಲಿಶ್ ತೆಗೆದು ಹತ್ತು ಬೋಲ್ಟಿನ ಮೇಲೂ ಒಂದೊಂದು ಗೆರೆ ಎಳೆದರು. ಅರ್ಧ ಗೆರೆ ಬೋಲ್ಟಿನ ತಲೆಯ ಮೇಲೆ, ಅರ್ಧ ಪಕ್ಕದ ಕಬ್ಬಿಣದ ಮೇಲೆ. ಎರಡನೇ ಬಿಗಿಯಲ್ಲಿ ಬೋಲ್ಟು ಎಷ್ಟು ಮುಂದೆ ಹೋಯಿತು ಎಂದು ಇದರಿಂದ ಗೊತ್ತಾಗುತ್ತದೆ. ಹಾಗಾದರೆ ಸಡಿಲಾದರೂ ಗೆರೆ ತಪ್ಪಿ ಗೊತ್ತಾಗುತ್ತದಲ್ಲ ಎಂದೆ ನಾನು, ಲೆಕ್ಕದ ಟೀಚರಿನ ಜಾಣತನದಲ್ಲಿ.

“ಇಲ್ಲ. ಬೋಲ್ಟು ತಿರುಗುದಿಲ್ಲ, ಅಡಿಯಲ್ಲಿ ಹಾಳೆ ಕೂರುದು. ಗೆರೆ ಕೂಡಿಯೇ ಇರ್ತದೆ ಟೀಚರೇ. ಮೇಲಿಂದ ನೋಡಿದವನಿಗೆ ಎಲ್ಲ ಸರಿ ಉಂಟು.”

ನಾನು ತಲೆಯಾಡಿಸಿದೆ. ಹಿಂದಿನ ಬೆಂಚಿನ ಮಕ್ಕಳು ನನಗೆ ತಲೆಯಾಡಿಸುತ್ತಾರಲ್ಲ, ಹಾಗೆ.

ಅಷ್ಟರಲ್ಲಿ ಮಳೆ ಹಿಡಿಯಿತು. ಹೊರಡಲಾಗದೆ ಕೂತಿದ್ದಾಗ ನಾನು ಮಾಡಿನ ಕೆಳಗಿನ ಆ ಜಜ್ಜಿದ ಕ್ಯಾಪಿನ ಬಗ್ಗೆ ಕೇಳಿದೆ. ಅಪ್ಪನೂ ಒಮ್ಮೆ ಕೇಳಿದ್ದರು, ಉತ್ತರ ಸಿಕ್ಕಿರಲಿಲ್ಲ. ನನಗೆ ಹೇಳಿದರು. ಮಳೆಯ ಸದ್ದಿಗೆ ಅರ್ಧ ಮಾತು ನುಂಗಿಹೋಗುತ್ತಿತ್ತು, ಆದರೂ ದನಿ ಏರಿಸಲಿಲ್ಲ.

ಬಹಳ ವರ್ಷದ ಹಿಂದೆ ಹಂಚಿನ ವ್ಯಾಪಾರದ ಒಬ್ಬ ಗಿರಾಕಿ. ಮೇಸ್ತ್ರಿಯ ಓರಗೆಯವನು, ಒಟ್ಟಿಗೆ ಚಾ ಕುಡಿಯುವವನು. ಅವನ ಕಾರಿನ ಹೆಡ್ ಕೂರಿಸಿ ಕೊಟ್ಟು, ಮುನ್ನೂರು ಮೈಲಿಗೆ ಬಾ ಎಂದು ಹೇಳಿದ್ದರು. ಅವನ ಮನೆಯಲ್ಲಿ ತಂಗಿಯ ಮದುವೆ. ಕಾಗದ ಹಂಚಲು ಊರೂರು ತಿರುಗುತ್ತಿದ್ದ. ಸಿಕ್ಕಿದಾಗಲೆಲ್ಲ ನಾಳೆ ಬರ್ತೇನೆ ಎನ್ನುತ್ತಿದ್ದ. ಒಂದು ಬೆಳಿಗ್ಗೆ ಹೀಗೇ ಮಳೆ. ಕೂಳೂರಿನ ಸೇತುವೆಯ ನಡುವಿನಲ್ಲಿ ಗ್ಯಾಸ್ಕೆಟ್ ಒಡೆದು, ನೀರು ಬೆಂಕಿಯ ಕಡೆ ನುಗ್ಗಿ, ಎಂಜಿನು ನಿಂತಿತು. ಅವನು ಕೆಳಗಿಳಿದು ಬಾನೆಟ್ ಎತ್ತಿದ್ದಾನೆ. ಬಿಳೀ ಹಬೆ ಎದ್ದಿದೆ. ಹಿಂದಿನಿಂದ ಬಂದ ಲಾರಿಗೆ ಮಳೆಯಲ್ಲಿ ಹಬೆಯೂ ಕಾಣಲಿಲ್ಲ, ಅವನೂ ಕಾಣಲಿಲ್ಲ.

ಮೇಸ್ತ್ರಿ ಓಡಿ ಹೋಗುವಾಗ ಎಲ್ಲ ಮುಗಿದಿತ್ತು. ವೀಲ್ ಕ್ಯಾಪೊಂದು ಸೇತುವೆಯ ಕಟ್ಟೆಗೆ ತಾಗಿ ಬಿದ್ದಿತ್ತು. ಅದನ್ನು ಎತ್ತಿಕೊಂಡು ಬಂದರು.

“ನಾನು ಬಾಯಲ್ಲಿ ಹೇಳಿದ್ದೆ ಟೀಚರೇ,” ಎಂದರು. “ಬಾಯಲ್ಲಿ ಹೇಳಿದ್ದಕ್ಕೆ ಭಾರ ಇಲ್ಲ. ಅವನ ಕೈಯಿಂದ ಎಂತಾದ್ರೂ ಕಿತ್ಕೊಂಡಿದ್ರೆ ಬರ್ತಿದ್ದ.”

ಅಂದಿನಿಂದ ಅವರು ಆ ಸೇತುವೆ ದಾಟಿರಲಿಲ್ಲ. ನದಿಯ ಆಚೆ ಬೈಕಂಪಾಡಿಯಲ್ಲಿ ಅವರ ತಂಗಿಯ ಮನೆ. ಅಲ್ಲಿಗೆ ಹೋಗಬೇಕಾದರೆ ಕಾವೂರು, ಮರವೂರು ಎಂದು ಲೋಕವೆಲ್ಲ ಸುತ್ತಿ ಹೋಗುತ್ತಿದ್ದರು. ಮಳೆ ನಿಂತಿತು. ನನ್ನ ಕಾರಿನ ಎದುರಿನ ಎಡ ಚಕ್ರದಿಂದ ಕ್ಯಾಪನ್ನು ಕಿತ್ತು, ಲುಂಗಿಯ ತುದಿಯಿಂದ ಒರೆಸಿ, ಸಾಲಿನ ಕೊನೆಯ ಮೊಳೆಗೆ ಹಾಕಿದರು. ಆಗ ಸಾಲಿನಲ್ಲಿ ಉಳಿದಿದ್ದದ್ದು ಅದೊಂದೇ. ಉಳಿದವರೆಲ್ಲ ಬಂದು ತೆಗೆದುಕೊಂಡು ಹೋಗಿಯಾಗಿತ್ತು.

ಇಷ್ಟನ್ನೂ ಕೇಳಿಸಿಕೊಂಡು ಬಂದವಳು ನಾನು. ಕೇಳದೆ ತಪ್ಪು ಮಾಡಿದೆ ಎಂದು ಹೇಳುವ ದಾರಿ ನನಗಿಲ್ಲ.

ಭಾನುವಾರದ ಸವಾರಿ ಶುರುವಾಯಿತು. ಕೊಟ್ಟಾರ ದಾಟಿ, ಕೂಳೂರಿನ ಸೇತುವೆ ಹತ್ತುವಾಗ ಅಮ್ಮ ಹಿಂದಿನ ಸೀಟಿನಲ್ಲಿ ಗಾಜು ಇಳಿಸಿ ನದಿಯ ಗಾಳಿಗೆ ಮುಖ ಕೊಡುತ್ತಿದ್ದರು. ಬಂದರಿನ ಲಾರಿಗಳು ಹಿಂದೆ ಒತ್ತಿ ಬರುತ್ತಿದ್ದವು. ನೂರೈವತ್ತು ಮೈಲಿ ಆದಾಗ ಒಮ್ಮೆ ಮೇಸ್ತ್ರಿಯ ಫೋನು, ಇನ್ನೂರೈವತ್ತಾದಾಗ ಇನ್ನೊಮ್ಮೆ. ಎಷ್ಟಾಯ್ತು ಟೀಚರೇ ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಮುನ್ನೂರು ತುಂಬಿದ್ದು ಮಾರ್ಚಿ ತಿಂಗಳಲ್ಲಿ. ನಾಳೆ ಬರ್ತೇನೆ ಎಂದೆ. ನನ್ನ ಬಾಯಿಂದಲೇ ಬಂದ ಮಾತು ಅದು, ಬರುವಾಗ ನನಗೆ ಏನೂ ಅನಿಸಲಿಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆ, ಆಮೇಲೆ ಪೇಪರ್ ತಿದ್ದುವ ಕೆಲಸ, ಆಮೇಲೆ ಶಾಲೆ ತೆರೆಯುವ ಗಡಿಬಿಡಿ. ಕಾರು ಹೂವಿನ ಹಾಗೆ ಓಡುತ್ತಿತ್ತು. ಒಂದು ದಿನ ಬಾನೆಟ್ ಎತ್ತಿ ನೋಡಿದೆ. ಕಣ್ಣಿಗೆ ಕಾಣುವ ಸಾಲಿನ ಐದು ಬೋಲ್ಟಿನಲ್ಲೂ ಕೆಂಪು ಗೆರೆ ಕೂದಲೆಳೆಯಷ್ಟೂ ತಪ್ಪದೆ ಕೂಡಿಕೊಂಡಿತ್ತು. ನೋಡಿ, ಎಲ್ಲ ಸರಿ ಉಂಟು ಎಂದು ನನಗೆ ನಾನೇ ಹೇಳಿಕೊಂಡೆ. ರೇಡಿಯೇಟರಿಗೆ ವಾರಕ್ಕೆ ಅರ್ಧ ಚೊಂಬು ನೀರು ಹೆಚ್ಚು ಬೇಕಾಗುತ್ತಿತ್ತು. ಸೆಕೆಗೆ ಆರುತ್ತದೆ ಎಂದು ತುಂಬಿಸಿದೆ.

ಮೇಸ್ತ್ರಿ ದಿನ ಬಿಟ್ಟು ದಿನ ಫೋನು ಮಾಡತೊಡಗಿದರು. ಕ್ಲಾಸಿನ ನಡುವೆ, ಊಟದ ನಡುವೆ. ನನಗೆ ಸಿಟ್ಟು ಬರತೊಡಗಿತು. ವಯಸ್ಸಾದವರಿಗೆ ಒಂದು ಹಿಡಿದರೆ ಬಿಡಲಾಗುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಹೇಳಿ ನಕ್ಕೆ. ಫೋನು ಎತ್ತುವುದನ್ನು ನಿಲ್ಲಿಸಿದೆ. ಆ ಬೋಳು ಚಕ್ರ ಬೇರೆ ಕಣ್ಣು ಚುಚ್ಚುತ್ತಿತ್ತು. ಟೀಚರಿನ ಕಾರಿಗೆ ಒಂದು ಹಲ್ಲು ಬಿದ್ದಿದೆ ಎಂದು ಮಕ್ಕಳು ಆಡಿಕೊಳ್ಳುತ್ತಿದ್ದರು. ಹುಡುಕಿದರೆ ಈಗ ಮೊಬೈಲಿನಲ್ಲಿ ಸಿಗದ ವಸ್ತು ಯಾವುದು? ಅದೇ ಅಳತೆಯ, ಅದೇ ಹೊಳಪಿನ ಒಂದು ಕ್ಯಾಪು ಡಬ್ಬಿಯಲ್ಲಿ ಮನೆ ಬಾಗಿಲಿಗೆ ಬಂತು. ಅಂಗೈಯಿಂದ ಗುದ್ದಿ ಕೂರಿಸಿದೆ. ಅಪ್ಪ ನಲವತ್ತು ವರ್ಷದಲ್ಲಿ ಮಾಡದ ಜಾಣತನ ನಾನು ಮಾಡಿದೆ ಎಂದು ಹೆಮ್ಮೆಯೂ ಆಯಿತು.

ಜೂನ್ ತಿಂಗಳ ಒಂದು ಭಾನುವಾರ, ಕೂಳೂರಿನ ಜಂಕ್ಷನ್ನಿನಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಮೇಸ್ತ್ರಿ ರಸ್ತೆಯ ಬದಿಯಲ್ಲಿ ಕೊಡೆ ಹಿಡಿದು ನಿಂತಿದ್ದರು, ನನ್ನ ಎಡಗಡೆ, ಎರಡು ಮಾರು ದೂರದಲ್ಲಿ. ಕಾರನ್ನು ನೋಡಿದರು. ಎದುರಿನ ಚಕ್ರ ನೋಡಿದರು. ನಾನು ಸೀಟಿನಲ್ಲಿ ಕುಗ್ಗಿ ಕೂತೆ, ಕಾಪಿ ಹೊಡೆಯುವಾಗ ಸಿಕ್ಕಿಬಿದ್ದ ಮಕ್ಕಳ ಹಾಗೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು. ಕೊಡೆಯನ್ನು ಎಡಗೈಗೆ ಬದಲಾಯಿಸಿ, ಬಲಗೈಯನ್ನು ಹಣೆಗೆ ತಂದು, ಒಮ್ಮೆ ತಲೆಯಾಡಿಸಿ ತಿರುಗಿ ನಡೆದುಬಿಟ್ಟರು. ಹಿಂದಿನ ಗಾಡಿಯವರು ಹಾರ್ನ್ ಹೊಡೆದರು. ನಾನು ಸೇತುವೆ ಹತ್ತಿದೆ. ಮೇಸ್ತ್ರಿಗೆ ಕೋಪ ಬಂತು, ಇನ್ನು ಫೋನು ಬರುವುದಿಲ್ಲ ಎಂದುಕೊಂಡೆ. ನಾಚಿಕೆಯಾಯಿತು, ಸುಳ್ಳಲ್ಲ. ಅದಕ್ಕಿಂತ ಹೆಚ್ಚು ಆರಾಮವಾಯಿತು. ಫೋನು ಮತ್ತೆ ಬರಲೂ ಇಲ್ಲ.

ಮೂರು ವಾರ ಕಳೆದು ಅವರು ತೀರಿಕೊಂಡರು. ಗ್ಯಾರೇಜಿನ ಸ್ಟೂಲಿನ ಮೇಲೆ ಕೂತವರು ಹಾಗೇ ಗೋಡೆಗೆ ಒರಗಿದರಂತೆ. ನನಗೆ ಗೊತ್ತಾದದ್ದು ತಡವಾಗಿ, ಆಗಸ್ಟಿನಲ್ಲಿ ಅವರ ಮಗಳು ಮನೆಗೆ ಬಂದಾಗ. ನನ್ನ ವಯಸ್ಸಿನ ಹೆಂಗಸು, ಕೈಯಲ್ಲಿ ಬಟ್ಟೆಯ ಚೀಲ. ಗ್ಯಾರೇಜು ಖಾಲಿ ಮಾಡುತ್ತಿದ್ದೇವೆ, ನಿಮ್ಮ ವಸ್ತು ಒಂದು ಉಂಟು ಎಂದು ಪೇಪರಿನಲ್ಲಿ ಸುತ್ತಿದ ನನ್ನ ಕ್ಯಾಪನ್ನು ಜಗಲಿಯ ಮೇಲೆ ಇಟ್ಟರು. ಚೀಟಿ ಇನ್ನೂ ಕಟ್ಟಿಯೇ ಇತ್ತು. ‘ಟೀಚರ್, ಮೀನಿನ ಕಾರು’ ಎಂಬುದಕ್ಕೆ ಅಡ್ಡಗೆರೆ ಎಳೆದು ಅದರ ಕೆಳಗೆ ‘ಬೇರೆ ಕಡೆ ಆಯ್ತು’ ಎಂದು ಬರೆದಿದ್ದರು.

ನನಗೆ ಅರ್ಥವಾಗಲಿಲ್ಲ. ಅಪ್ಪನನ್ನು ಉಪ್ಪ ಎನ್ನುವ ಮಗಳೇ ಬಿಡಿಸಿ ಹೇಳಿದರು.

“ಉಪ್ಪನಿಗೆ ನಿಮ್ಮದೊಂದೇ ಚಿಂತೆ ಇದ್ದದ್ದು ಟೀಚರ್. ನಿಮ್ಮ ಅಮ್ಮ ಪ್ರತಿ ವಾರ ಸೇತುವೆ ದಾಟ್ತಾರೆ ಅಂತ ಹೇಳಿ ರಾತ್ರಿ ನಿದ್ದೆ ಇಲ್ಲ. ಒಂದು ಭಾನುವಾರ ಕೂಳೂರಿನಿಂದ ಬಂದವರು, ನಾಲ್ಕೂ ಕ್ಯಾಪ್ ಉಂಟು, ಯಾರೋ ಒಳ್ಳೆಯ ಮೆಕ್ಯಾನಿಕ್ ಎರಡನೇ ಬಿಗಿ ಮಾಡಿ ಹೊಸದು ಹಾಕಿ ಕೊಟ್ಟಿದ್ದಾನೆ, ಅವರು ಲೆಕ್ಕದ ಟೀಚರ್, ಹಾಗೆ ಬಿಡುವವರಲ್ಲ ಅಂದ್ರು. ಅವತ್ತು ಎರಡು ಸಲ ಅನ್ನ ಹಾಕಿಸ್ಕೊಂಡು ಊಟ ಮಾಡಿದ್ರು.”

ಮೇಸ್ತ್ರಿಗೆ ಕೋಪ ಬಂದಿರಲಿಲ್ಲ. ಹಣೆಗೆ ಕೈ ತಂದದ್ದು ನನ್ನನ್ನು ಮೆಚ್ಚಿ. ಅವರ ಲೋಕದಲ್ಲಿ ಎರಡನೇ ಬಿಗಿಯಾಗದ ಕಾರಿಗೆ ನಾಲ್ಕನೇ ಕ್ಯಾಪು ಇರುವುದು ಸಾಧ್ಯವೇ ಇರಲಿಲ್ಲ. ಆ ಬೋಳು ಚಕ್ರವನ್ನು ಹೀಗೂ ಮುಚ್ಚಬಹುದು ಎಂದು ಅಷ್ಟು ವರ್ಷದಲ್ಲಿ ಒಬ್ಬ ಗಿರಾಕಿಗೂ ಹೊಳೆದಿರಲಿಲ್ಲ, ಹೊಳೆದದ್ದು ನನಗೆ. ನಾನು ಮಗಳ ಮುಖ ನೋಡಿದೆ, ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ತನ್ನ ಅಪ್ಪ ಕೊನೆಗೆ ನೆಮ್ಮದಿಯಾಗಿದ್ದರು ಎಂದು ಅವರ ಹತ್ತಿರ ಉಳಿದದ್ದನ್ನೂ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಮೇಸ್ತ್ರಿಯ ಹೊಗಳಿಕೆಯನ್ನು ಕದ್ದು ಇಟ್ಟುಕೊಂಡ ಹಾಗೆ. ಕೊನೆಗೆ ನನ್ನ ಬಾಯಿಂದ ಬಂದದ್ದು, ಆ ಮುಳ್ಳಿನ ರೆಂಚನ್ನು ಒಂದು ದಿನದ ಮಟ್ಟಿಗೆ ಕೊಡುತ್ತೀರಾ ಎಂದು. ನೆನಪಿಗೆ ಎಂದು ಅವರು ತಿಳಿದುಕೊಂಡರು. ಮರುದಿನವೇ ಯಾರದೋ ಕೈಯಲ್ಲಿ ಕಳಿಸಿ, ನೀವೇ ಇಟ್ಟುಕೊಳ್ಳಿ ಎಂದು ಹೇಳಿಸಿದರು.

ಆ ಭಾನುವಾರ ಬೆಳಿಗ್ಗೆ ಎಂಜಿನು ಕಲ್ಲಿನ ಹಾಗೆ ತಣ್ಣಗಿತ್ತು. ಅಮ್ಮ ಕಡಲಿಗೆ ಹೋಗಲು ಸೀರೆ ಉಟ್ಟು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಉಳಿದ ಐದು ಬೋಲ್ಟನ್ನು ಮರೆಮಾಡಿದ್ದ, ಹೆಡ್ಡಿನ ಮೇಲಿನ ತಗಡಿನ ಮುಚ್ಚಳ ತೆಗೆದೆ. ಹತ್ತೂ ಕೆಂಪು ಗೆರೆ ಒಂದಕ್ಕಿಂತ ಒಂದು ಚೆನ್ನಾಗಿ ಕೂಡಿದ್ದವು. ನಡುವಿನಿಂದ ಶುರು ಮಾಡಿದೆ. ಮೊದಲನೆಯದನ್ನು ಬಿಚ್ಚಲು ಎಳೆದಾಗ ಕಟ್ಟೆಂದು ಸದ್ದಾಗಿ ಬಿಟ್ಟುಕೊಂಡಿತು. ಹಿಡಿತವಿದ್ದ ಬೋಲ್ಟಿನ ಸದ್ದು ಅದು, ಮೇಸ್ತ್ರಿಯ ಗ್ಯಾರೇಜಿನಲ್ಲಿ ಎಷ್ಟೋ ಸಲ ಕೇಳಿದ್ದೆ. ಮತ್ತೆ ಬಿಗಿ ಮಾಡಿದಾಗ ಮುಳ್ಳು ಅಂಕೆ ಮುಟ್ಟುವ ಹೊತ್ತಿಗೆ ಗೆರೆ ಒಂದಿಷ್ಟೇ ಮುಂದೆ ಹೋಗಿತ್ತು. ಎರಡು, ಮೂರು, ನಾಲ್ಕು, ಹಾಗೇ. ಎಂಟರವರೆಗೂ ಹಾಗೇ. ನನಗೆ ಧೈರ್ಯ ಬಂದಿತ್ತು.

ಒಂಬತ್ತನೆಯದು ಹಿಂದಿನ ಮೂಲೆಯದ್ದು. ರೆಂಚು ಹಾಕಿ ಎಳೆದೆ. ಸದ್ದೇ ಬರಲಿಲ್ಲ. ಉಪ್ಪಿನಕಾಯಿ ಭರಣಿಯ ಮುಚ್ಚಳದ ಹಾಗೆ ಸುಮ್ಮನೆ ತಿರುಗಿತು. ಮತ್ತೆ ಬಿಗಿ ಮಾಡಲು ಹೋದರೆ ಮುಳ್ಳು ಏಳಲಿಲ್ಲ. ಬೋಲ್ಟಿನ ಮೇಲಿನ ಗೆರೆ ಹೊರಗಿನ ಗೆರೆಯನ್ನು ತಲುಪಿ, ದಾಟಿ, ಇನ್ನೂ ಹೋಗುತ್ತಲೇ ಇತ್ತು. ಕಾಲು ಸುತ್ತು ಕಳೆದ ಮೇಲೆ ಮುಳ್ಳು ಎದ್ದಿತು. ಆ ಮೂಲೆಯಲ್ಲಿ ಹೆಡ್ಡನ್ನು ಯಾರೂ ಹಿಡಿದೇ ಇರಲಿಲ್ಲ. ವಾರಕ್ಕೆ ಅರ್ಧ ಚೊಂಬು ನೀರು ಹೋಗುತ್ತಿದ್ದದ್ದು ಅಲ್ಲಿಂದ.

ಲೆಕ್ಕ ಹಾಕುವುದು ನನ್ನ ರೋಗ, ಬೇಡವೆಂದರೂ ಮನಸ್ಸು ಹಾಕಿತು. ಮುನ್ನೂರು ಮೈಲಿ ತುಂಬಿದ ಮೇಲೆ ಇಪ್ಪತ್ತೆರಡು ಭಾನುವಾರ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ನಲವತ್ತನಾಲ್ಕು ಸಲ ಸೇತುವೆ. ಅಲ್ಲಿ ಕಾರು ನಿಂತಿದ್ದರೆ ನಾನು ಕೆಳಗಿಳಿದು ಬಾನೆಟ್ ಎತ್ತುತ್ತಿದ್ದೆ. ಕಾಲು ಸೋತ ಅಮ್ಮ ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದರು. ರೆಂಚು ಹಿಡಿದುಕೊಂಡೇ ಚಕ್ರದ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟೆ.

“ಎಂತ ಆಯ್ತು?” ಎಂದು ಅಮ್ಮ ಜಗಲಿಯಿಂದ ಕೇಳಿದರು. “ಇದೆಲ್ಲ ನೀನು ಯಾಕೆ ಮಾಡುದು? ಆ ಬ್ಯಾರಿ ಮಾಡಿ ಕೊಡ್ಲಿಲ್ವಾ?”

“ಮಾಡ್ಲಿಕ್ಕೆ ಕರೆದಿದ್ರು ಅಮ್ಮ,” ಎಂದೆ. “ನಾನು ಹೋಗ್ಲಿಲ್ಲ.”

ಈ ಮಾತನ್ನು ಅವರ ಮಗಳಿಗೆ ಇವತ್ತಿಗೂ ಹೇಳಲಾಗಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ಅಂದು ಹತ್ತನೆಯದನ್ನೂ ಮುಗಿಸಿ ಎದ್ದವಳು ಡಬ್ಬಿಯಲ್ಲಿ ಬಂದ ಆ ಕ್ಯಾಪನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದು ಬಿಸಾಡಿದೆ. ಮೇಸ್ತ್ರಿಯ ಗೋಡೆಯಲ್ಲಿದ್ದದ್ದು ಚೀಟಿಯ ಸಮೇತ ನಮ್ಮ ಜಗಲಿಯ ಮೊಳೆಯಲ್ಲಿ ಉಂಟು. ಅದು ಮೇಸ್ತ್ರಿಯ ಕೈಯಿಂದ ವಾಪಸು ಬಂದದ್ದಲ್ಲ, ಅದನ್ನು ಚಕ್ರಕ್ಕೆ ಹಾಕಿಲ್ಲ, ಹಾಕುವುದೂ ಇಲ್ಲ. ಭಾನುವಾರ ಸೇತುವೆಯ ಮೇಲೆ ಒಂದು ಚಕ್ರ ಬೋಳಾದ ಬೂದು ಬಣ್ಣದ ಹಳೆಯ ಕಾರು ಕಂಡರೆ ಅದು ನಮ್ಮದು.